ಮೀಕೋನ ಗುಡಿಸಲು

ಪಿಯುಸಿ ಓದುವ ಮಗನನ್ನು ಗದರಿಸಲೆಂದೇ ಅವನ ಕೋಣೆಗೆ ಹೋದವನು ನಾನು. ಕಂಪ್ಯೂಟರಿನ ಪರದೆಯಲ್ಲಿ 2011ರಲ್ಲಿ ಬಂದ ‘ಸ್ಕೈರಿಮ್’ ಎಂಬ ಆಟ. ಅದರ ನಕ್ಷೆಯಲ್ಲಿ ಬೆಟ್ಟ, ನದಿಗಳೇನೋ ಇವೆ. ಸಣ್ಣಪುಟ್ಟ ಸ್ಥಳಗಳ ಗುರುತು ಮಾತ್ರ ನಾವು ಹತ್ತಿರ ಹೋದಾಗ, ಇಲ್ಲವೇ ಯಾರಾದರೂ ಹೇಳಿದಾಗ ಮೂಡುತ್ತದೆ. ಅಟ್ಲಾಸು ನೋಡಿ ಬೆಳೆದ ಮೇಷ್ಟ್ರಿಗೆ ಇದು ಹೊಸದು. ಕುರ್ಚಿ ಎಳೆದುಕೊಂಡೆ.

ನಾಡಿನ ವಾಯವ್ಯದ ದಾರಿಯೊಂದರಲ್ಲಿ ಒಂಟಿ ನಾಯಿ ಸಿಕ್ಕಿತು. ಹೆಸರು ಮೀಕೋ. ಅದರ ಬೆನ್ನಿಗೇ ಹೋದರೆ ಒಂದು ಪುಟ್ಟ ಗುಡಿಸಲು. ಒಳಗೆ ಮಂಚದ ಮೇಲೆ ಯಜಮಾನನ ಹೆಣ, ಜೊತೆಗೊಂದು ದಿನಚರಿ. ಕಾಯಿಲೆ ಬಿದ್ದು ಸತ್ತವನು. ಬರೆದಿಟ್ಟದ್ದರಲ್ಲಿ ನಾಯಿಯದೇ ಚಿಂತೆ.

ಡ್ರ್ಯಾಗನ್‌ಗಳ ಮುಖ್ಯ ಕಥೆಗೂ ಈ ಗುಡಿಸಲಿಗೂ ಸಂಬಂಧವಿಲ್ಲ. ಇಲ್ಲಿಗೆ ಬನ್ನಿ ಎಂದು ಆಟ ಯಾರನ್ನೂ ಕಳಿಸುವುದಿಲ್ಲ. ನೂರಾರು ಗಂಟೆ ಆಡಿದವರೂ ನೋಡದೆ ಹೋಗಬಹುದು. ಹಾಗಿದ್ದೂ ಯಾರೋ ಕೂತು ಈ ಮಂಚ, ಈ ದಿನಚರಿಯನ್ನೆಲ್ಲ ಮಾಡಿಟ್ಟಿದ್ದಾರೆ!

ಬೇಕಾದರೆ ಮೀಕೋನನ್ನು ಜೊತೆಗೆ ಕರೆದೊಯ್ಯಬಹುದು. ಆದರೆ ಮುಂದಿನ ಕಾದಾಟದಲ್ಲಿ ಅದು ಸಾಯಲೂಬಹುದು, ಸತ್ತರೆ ಸತ್ತಂತೆಯೇ.

“ಇಲ್ಲೇ ಇರಲಿ ಬಿಡೋ” ಎಂದೆ.

“ಹೆಣದ ಹತ್ರ ಒಂಟಿಯಾಗಿ ಬಿಡೋದಾ ಅಪ್ಪಾ?”

ಉತ್ತರ ಹೊಳೆಯಲಿಲ್ಲ. ಊಟಕ್ಕೆ ಏಳುವಾಗ ಒಂಬತ್ತೂವರೆ. ಮೀಕೋ ಇನ್ನೂ ಬಾಗಿಲಲ್ಲೇ ಇತ್ತು.