ರಾಸ್ ಹಿಲ್ ಮೇಲೆ ಒಂದು ಬೆಳಗ್ಗೆ

ವಿಶಾಖಪಟ್ಟಣದ ಹಳೇ ಊರಿಗೆ ಒನ್ ಟೌನ್ ಅಂತಾರೆ. ಬಂದರಿಗೆ ಅಂಟಿಕೊಂಡ ಇಕ್ಕಟ್ಟು ಬೀದಿಗಳು, ಕುರುಪಾಂ ಮಾರ್ಕೆಟ್ಟು, ಪಕ್ಕದಲ್ಲೇ ಮೂರು ಗುಡ್ಡ: ಒಂದರ ಮೇಲೆ ವೆಂಕಟೇಶ್ವರ, ಇನ್ನೊಂದರ ಮೇಲೆ ದರ್ಗಾ, ಮೂರನೆಯದು ರಾಸ್ ಹಿಲ್, ಅಲ್ಲಿ ಮೇರಿ ಮಾತೆಯ ಚರ್ಚು.

ಹೈದರಾಬಾದಿನಲ್ಲಿ ಕೆಲಸ ಮಾಡುವ ನನಗೆ ಈ ಊರು ಅಂದ್ರೆ ಅಕ್ಕನ ಮನೆ. ಅಕ್ಕನ ಮಗಳಿಗೆ ಎಂಟು ವರ್ಷ, ಲುಕೇಮಿಯಾ. ಚಿಕಿತ್ಸೆಯೇ ಎರಡು-ಮೂರು ವರ್ಷ ನಡೆಯುವಂಥದ್ದು. ಮನೆಯಲ್ಲಿ ಮಾತ್ರ ಅದಕ್ಕೆ 'ಜ್ವರ' ಅಂತಲೇ ಹೆಸರು.

ರಕ್ತದ ಕೌಂಟ್ ಸರಿಯಿದೆ, ಜನಜಂಗುಳಿ ಬೇಡ ಅಂದಿದ್ದರು ಡಾಕ್ಟರು. ಹಾಗಾಗಿ ಬೆಳ್ಳಂಬೆಳಗ್ಗೆ ರಾಸ್ ಹಿಲ್ ಹತ್ತಿದೆವು. ಕೆಳಗೆ 1933ರಲ್ಲಿ ಶುರುವಾದ ಬಂದರು, ಆಚೆ ಡಾಲ್ಫಿನ್ ನೋಸ್ ಗುಡ್ಡ. ಪುಟಾಣಿ ಟಗ್ ಬೋಟೊಂದು ದೊಡ್ಡ ಹಡಗನ್ನು ಒಳಕ್ಕೆ ಎಳೆಯುತ್ತಿತ್ತು. ಅದನ್ನೇ ನೋಡುತ್ತಾ ಅವಳು ಅಂದಳು: "ಮಾಮಾ, ನಂಗಿರೋದು ಕ್ಯಾನ್ಸರ್ ಅಲ್ವಾ? ಅಮ್ಮಂಗೆ ಹೇಳ್ಬೇಡ, ಅಳ್ತಾಳೆ."

ನನ್ನ ಬಾಯಿ ಕಟ್ಟಿಹೋಯಿತು. ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಎಂಬ ಮಾನವಶಾಸ್ತ್ರಜ್ಞೆ 1978ರ ಪುಸ್ತಕದಲ್ಲಿ ಬರೆದದ್ದೂ ಇದನ್ನೇ: ಲುಕೇಮಿಯಾ ವಾರ್ಡಿನ ಪುಟ್ಟ ಮಕ್ಕಳಿಗೆ ಯಾರೂ ಹೇಳದಿದ್ದರೂ ಎಲ್ಲ ಗೊತ್ತಿರುತ್ತಿತ್ತು; ದೊಡ್ಡವರಿಗೆ ನೋವಾಗದಿರಲೆಂದು ಗೊತ್ತಿಲ್ಲದಂತೆ ಇರುತ್ತಿದ್ದರು. ಓದಿದ್ದು ಬೇರೆ, ಪಕ್ಕದಲ್ಲೇ ಕೂತ ಮಗು ಕೇಳೋದು ಬೇರೆ.

"ಹೌದು ಪುಟ್ಟಿ," ಅಂದೆ. ಮುಂದಿನ ಪ್ರಶ್ನೆ ಇನ್ನೂ ಕಷ್ಟದ್ದು. "ಸುಳ್ಳು ಹೇಳಿ ಐಸ್‌ಕ್ರೀಮ್ ತಿಂದಿದ್ದಕ್ಕೆ ಬಂತಾ?" ಎಷ್ಟು ತಿಂಗಳಿಂದ ಇದನ್ನು ಒಳಗಿಟ್ಟುಕೊಂಡಿದ್ದಳೋ! ಕಾಯಿಲೆ ಅಂದರೆ ಶಿಕ್ಷೆ ಅಂತ ಈ ವಯಸ್ಸಿನ ಎಷ್ಟೋ ಮಕ್ಕಳು ಅಂದುಕೊಳ್ಳುತ್ತಾರಂತೆ. ಅಲ್ಲವೇ ಅಲ್ಲ, ನೀನು ಮಾಡಿದ್ದರಿಂದ ಬಂದದ್ದಲ್ಲ ಅಂತ ಮೂರು ಸಲ ಹೇಳಿದೆ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಆಮೇಲೆ ತಾನೇ ಆಸ್ಪತ್ರೆಯ ಕೌನ್ಸೆಲರ್ ಹತ್ತಿರ ಹೋದಳು. ಕೇಳಿದಷ್ಟಕ್ಕೆ ನಿಜ ಹೇಳಿ, ಸ್ಕೂಲಿನ ಗೆಳತಿಯರ ನಂಟು ಬಿಡಿಸಬೇಡಿ, ಚುಚ್ಚುವಾಗ 'ನೋಯಲ್ಲ' ಅನ್ನಬೇಡಿ ಅಂದರಂತೆ. (ಪರವೂರಿನಲ್ಲಿ ಹೀಗೆ ಒದ್ದಾಡುವ ನಮ್ಮಂಥವರಿಗೆ ಸರ್ಕಾರದ ಟೆಲಿ ಮಾನಸ್ ಇದೆ, ನಂಬರ್ 14416, ಕನ್ನಡದಲ್ಲೂ ಮಾತಾಡಬಹುದು.)

ಮುಂದಿನ ಸಲ ಆಸ್ಪತ್ರೆಗೆ ಹೊರಟಾಗ ನಾನೂ ಜೊತೆಗಿದ್ದೆ. ಆಟೋದಲ್ಲಿ ಪುಟ್ಟಿ ಕೇಳಿದಳು, "ಇವತ್ತು ನೋಯತ್ತಾ ಅಮ್ಮಾ?"

"ನೋಯತ್ತೆ. ಕೈ ಹಿಡ್ಕೊಂಡಿರ್ತೀನಿ," ಅಂದಳು ಅಕ್ಕ.

"ಎಡಗೈ ಹಿಡ್ಕೋ. ಬಲಗೈ ಮಾಮಂಗೆ."