ಎಷ್ಟು ದಿಂಬು?

ನಾವು ದಾದಿಯ ಕೆಲಸದಿಂದ ನಿವೃತ್ತರಾಗಿ ಕೆಲವು ವರ್ಷಗಳಾದುವು. ಆದರೂ ನೆರೆಹೊರೆಯ ಹೆಂಗಸರು ಸಂಜೆಯ ಹೊತ್ತು ಹೂ ಕಟ್ಟುತ್ತ ಕುಳಿತಾಗ ನಮ್ಮನ್ನು ಕೇಳುವ ಪ್ರಶ್ನೆಗಳಿಗೆ ಕಡಮೆಯಿಲ್ಲ. ಮೊನ್ನೆ ಒಬ್ಬಾಕೆ ಉಳಿದವರೆಲ್ಲ ಎದ್ದು ಹೋಗುವ ತನಕ ಕಾದಿದ್ದು, ಮೆಲ್ಲನೆ ಕೇಳಿದಳು: "ಅಕ್ಕಾ, ನಮ್ಮ ಭಾವನವರಿಗೆ ರಕ್ತದ ಕ್ಯಾನ್ಸರು. ಹೊಸ ಔಷಧವೊಂದರ ಪರೀಕ್ಷೆಗೆ ಸೇರುತ್ತೀರಾ ಎಂದು ಆಸ್ಪತ್ರೆಯವರು ಕೇಳಿದ್ದಾರೆ. ಅಲ್ಲಿ ಮನುಷ್ಯರನ್ನು ಇಲಿಗಳ ಹಾಗೆ ನೋಡುತ್ತಾರೆಂದು ಮನೆಯವರೆಲ್ಲ ಹೆದರಿ ಕುಳಿತಿದ್ದಾರೆ. ನಿಜವೇ?"

ಒಂದು ಮಾತಿನಲ್ಲಿ ಉತ್ತರ ಹೇಳುವುದು ನಮ್ಮಿಂದಾಗಲಿಲ್ಲ. ನಮ್ಮ ಸೇವೆಯ ಕಡೆಯ ಹನ್ನೊಂದು ವರ್ಷಗಳನ್ನು ನಾವು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಇಂತಹ ಪರೀಕ್ಷೆಗಳ ರೋಗಿಗಳ ನಡುವೆಯೇ ಕಳೆದವರು. ಆ ಕೆಲಸಕ್ಕೆ ಸಂಶೋಧನಾ ಶುಶ್ರೂಷೆ ಎಂದು ಹೆಸರು. ಹೆಸರೇನೋ ದೊಡ್ಡದು, ಕೆಲಸವಾದರೋ ಬಹುಮಟ್ಟಿಗೆ ಕೇಳುವುದು, ಎಣಿಸುವುದು, ಬರೆಯುವುದು. ರೋಗಿಯು ಹಿಂದಕ್ಕೆ ತಂದ ಮಾತ್ರೆಗಳನ್ನು ಎಣಿಸಬೇಕು. ಗೊತ್ತಾದ ವೇಳೆಗೆ ರಕ್ತ ತೆಗೆದು, ತೆಗೆದ ನಿಮಿಷವನ್ನೂ ಬರೆದಿಡಬೇಕು. ಊರಿನಿಂದ ಬಂದುಹೋಗುವ ಖರ್ಚು ಅವರ ಕೈಸೇರಿತೇ ಎಂದು ವಿಚಾರಿಸಬೇಕು. ಇವೆಲ್ಲಕ್ಕಿಂತ ಹೆಚ್ಚಾಗಿ, "ಹೇಗಿದ್ದೀರಿ?" ಎಂದು ಕೇಳಬೇಕು. ಸುಲಭವೆಂದು ತೋರುವ ಈ ಕಡೆಯ ಕೆಲಸದಲ್ಲಿಯೇ ನಾವು ಎಡವಿದ್ದು. ನೆರೆಯಾಕೆಗೆ ಹೇಳಿದ್ದೂ ಅದೇ ಸಂಗತಿಯನ್ನೇ.

2014ರ ಮಾತು. ಅರಸೀಕೆರೆಯ ಕಡೆಯ ರೈತರೊಬ್ಬರು, ತೆಂಗಿನ ತೋಟದವರು, ತಮ್ಮ ಹೆಂಡತಿಯೊಡನೆ ನಮ್ಮಲ್ಲಿಗೆ ಬಂದರು. ಅವರಿಗಿದ್ದುದು ನಿಧಾನವಾಗಿ ಬೆಳೆಯುವ ಜಾತಿಯ ರಕ್ತದ ಕ್ಯಾನ್ಸರು. ಮಜ್ಜೆಯ ಜೀವಕೋಶದಲ್ಲಿ 9ನೆಯ ಮತ್ತು 22ನೆಯ ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಆ ತಪ್ಪಿನಿಂದ ಹುಟ್ಟಿದ ಪ್ರೋಟೀನು ಬಿಳಿಯ ರಕ್ತಕಣಗಳನ್ನು ಎಡೆಬಿಡದೆ ಹೆಚ್ಚಿಸುತ್ತದೆ. ಈ ಪ್ರೋಟೀನನ್ನು ತಡೆಯುವ ಇಮಾಟಿನಿಬ್ ಎಂಬ ಮಾತ್ರೆಯನ್ನು ಅವರು ಕೆಲವು ವರ್ಷ ನುಂಗಿ ಸುಖವಾಗಿದ್ದರು. ಆಮೇಲೆ ಅದು ಅವರ ಮಟ್ಟಿಗೆ ಕೆಲಸ ಮಾಡದಾಯಿತು.

ಆ ಇಮಾಟಿನಿಬ್ ಆದರೂ ಎಲ್ಲಿಂದ ಬಂತು? 1998ರಲ್ಲಿ ಅಮೆರಿಕೆಯಲ್ಲಿ ಬ್ರಯನ್ ಡ್ರೂಕರ್ ಎಂಬ ವೈದ್ಯರು ಮೊದಲ ರೋಗಿಗಳಿಗೆ ಅದನ್ನು ಕೊಡತೊಡಗಿದರು. ದಿನಕ್ಕೆ 300 ಮಿಲಿಗ್ರಾಮು ಅಥವಾ ಅದಕ್ಕೂ ಹೆಚ್ಚು ತೆಗೆದುಕೊಂಡ 54 ಮಂದಿಯಲ್ಲಿ 53 ಮಂದಿಯ ರಕ್ತಕಣಗಳ ಲೆಕ್ಕ ಸರಿಹೋಯಿತು. 2001ರಲ್ಲಿ ಅಲ್ಲಿಯ ಸರ್ಕಾರ ಅದಕ್ಕೆ ಅನುಮತಿಯಿತ್ತಿತು. ಇನ್ನೂ ಹಿಂದಕ್ಕೆ ಹೋದರೆ, ನಮ್ಮ ನೆರೆಯ ಆಂಧ್ರದಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾಯರ ಬಳಗವು ಅಮೆರಿಕೆಯಲ್ಲಿ ಸಿದ್ಧಪಡಿಸಿದ ಅಮೈನೋಪ್ಟೆರಿನ್ ಎಂಬ ಔಷಧವನ್ನು ಬಾಸ್ಟನ್ ನಗರದ ಸಿಡ್ನಿ ಫಾರ್ಬರ್ ಅವರು ರಕ್ತದ ಕ್ಯಾನ್ಸರಿನ 16 ಮಕ್ಕಳಿಗೆ ಕೊಟ್ಟು, 10 ಮಕ್ಕಳಲ್ಲಿ ಗುಣ ಕಂಡು, 1948ರಲ್ಲಿ ಪ್ರಕಟಿಸಿದರು. ಆ ಗುಣವು ಕೆಲವು ತಿಂಗಳ ಮಟ್ಟಿಗೆ ಮಾತ್ರ. ಆ ಮಕ್ಕಳ ತಾಯಂದಿರನ್ನು ನಾವು ಆಗಾಗ ನೆನೆಯುವುದುಂಟು. ತಮ್ಮ ಮಗುವಿಗೆ ಒದಗದೆ ಹೋದದ್ದು ಮುಂದೆ ಇನ್ನಾರ ಮಗುವಿಗೋ ಒದಗಿತೆಂಬುದು ಅವರಿಗೆ ಎಷ್ಟರ ಸಮಾಧಾನವಾದೀತು?

ನಮ್ಮ ರೈತರಿಗೆ ಒಪ್ಪಿಗೆ ಪತ್ರವನ್ನು ಓದಿ ಹೇಳುವುದಕ್ಕೆ ಒಂದು ಬೆಳಗೆಲ್ಲ ಹಿಡಿಯಿತು. ಒಪ್ಪಿಗೆ ಪಡೆಯುವಾಗ ಮಾತೂ ಚಿತ್ರವೂ ದಾಖಲಾಗಬೇಕೆಂದು 2013ರ ನವೆಂಬರಿನಲ್ಲಿ ಸರ್ಕಾರದ ಅಪ್ಪಣೆಯಾಗಿತ್ತು. ಮುಂದೆ ಅದು ಸಡಿಲವಾಯಿತು. ಆದರೆ ಆ ದಿನ ಕ್ಯಾಮರಾ ಎದುರಿಗೇ ಇತ್ತು. ಅವರು ಮದುವೆಯ ಮನೆಯಲ್ಲಿ ಫೋಟೋಗೆ ಕುಳಿತವರಂತೆ ನೆಟ್ಟಗೆ ಕುಳಿತಿದ್ದರು. ಪತ್ರದಲ್ಲಿ "ಯಾದೃಚ್ಛಿಕೀಕರಣ" ಎಂಬುದೊಂದು ಶಬ್ದ. (ಇಂತಹ ಕನ್ನಡವನ್ನು ಬರೆಯುವ ಪುಣ್ಯಾತ್ಮರು ಅದನ್ನು ತಮ್ಮ ತಾಯಿಗೆ ಒಮ್ಮೆ ಓದಿ ಹೇಳಬೇಕೆಂದು ನಮ್ಮ ಬಿನ್ನಹ.) ಹೊಸ ಮಾತ್ರೆ ಕೆಲವರಿಗೆ, ಈಗಾಗಲೇ ಬಳಕೆಯಲ್ಲಿರುವ ಬೇರೊಂದು ಮಾತ್ರೆ ಉಳಿದವರಿಗೆ, ಯಾರಿಗೆ ಯಾವುದೆಂಬುದು ಚೀಟಿ ಎತ್ತಿದ ಹಾಗೆ, ಎಂದು ನಾವು ಬಿಡಿಸಿ ಹೇಳಿದೆವು.

"ದೇವರ ಮುಂದೆ ಹೂ ಕೇಳಿದ ಹಾಗೆ" ಎಂದರು ಅವರು.

"ಅಲ್ಲ ಯಜಮಾನರೇ. ಹೂವಿನಲ್ಲಿ ದೇವರ ಅಪ್ಪಣೆ ಉಂಟೆಂದು ನಂಬುತ್ತೇವೆ. ಇದರಲ್ಲಿ ಡಾಕ್ಟರ ಅಪ್ಪಣೆಯೂ ಇಲ್ಲ, ನಮ್ಮದೂ ಇಲ್ಲ. ಬೇಡವೆನಿಸಿದರೆ ಈಗಲೇ ಬೇಡವೆನ್ನಿ. ನಡುವೆ ಬೇಕಾದರೂ ಬಿಡಿ. ಬಿಟ್ಟರೂ ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ."

ಅವರು ಹೆಂಡತಿಯ ಮುಖ ನೋಡಿದರು. ಆಕೆ ನೆಲ ನೋಡಿದಳು. ಸಹಿಯಾಯಿತು. ಅವರ ಪಾಲಿಗೆ ಹೊಸ ಮಾತ್ರೆಯೇ ಬಂತು.

ನಾಲ್ಕು ವಾರಕ್ಕೊಮ್ಮೆ ಬೆಳಗಿನ ಜಾವದ ರೈಲಿನಲ್ಲಿ ಬರುತ್ತಿದ್ದರು. ಮಾತ್ರೆಗಳ ಲೆಕ್ಕ ಒಂದೂ ತಪ್ಪುತ್ತಿರಲಿಲ್ಲ. ಕೊಟ್ಟ ದಿನಚರಿಯ ಪುಸ್ತಕವನ್ನು ಮಗನ ಕೈಯಿಂದ ಅಂದವಾಗಿ ಬರೆಯಿಸಿ ತರುತ್ತಿದ್ದರು. "ಹೇಗಿದ್ದೀರಿ?" ಎಂದರೆ "ಚೆನ್ನಾಗಿದ್ದೀನಿ ಸಿಸ್ಟರಮ್ಮ" ಎನ್ನುವರು. ಹೊರಗಡೆ ಇಪ್ಪತ್ತು ಮಂದಿ ಕಾದಿರುತ್ತಿದ್ದರು. ಮೂರನೆಯ ಸಲವೂ ನಾಲ್ಕನೆಯ ಸಲವೂ ಉಸಿರಾಟದ ತೊಂದರೆಯ ಸಾಲಿನಲ್ಲಿ ನಾವು "ಇಲ್ಲ" ಎಂದು ಬರೆದೆವು.

ಐದನೆಯ ಸಲ ಅವರು ರಕ್ತ ಕೊಡಲು ಹೋಗಿದ್ದಾಗ ಆಕೆ ಬಾಗಿಲ ಬಳಿ ನಿಂತು, "ಸಿಸ್ಟರಮ್ಮ, ರಾತ್ರಿ ಕೂತೇ ನಿದ್ದೆ ಮಾಡಿದರೆ ಬೆನ್ನಿಗೆ ಏನಾದರೂ ಆಗುತ್ತದೆಯೇ?" ಎಂದು ಕೇಳಿದಳು.

"ಯಾರು ಕೂತು ನಿದ್ದೆ ಮಾಡುವವರು?"

"ಇವರೇ. ಮೊದಲು ಎರಡು ದಿಂಬು ಇಟ್ಟುಕೊಳ್ಳುತ್ತಿದ್ದರು. ಈಗ ಒಂದೂವರೆ ತಿಂಗಳಿಂದ ಗೋಡೆಗೆ ಒರಗಿಯೇ ಕೂತಿರುತ್ತಾರೆ. ಹೇಳಬೇಡ ಎಂದು ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ದಾರೆ."

ನಮಗೆ ಕಾಲ ಕೆಳಗಿನ ನೆಲ ಜಾರಿದಂತಾಯಿತು. ಮಲಗಿದರೆ ಉಸಿರು ಕಟ್ಟುವುದೆಂದರೆ ಏನೆಂದು ದಾದಿಯಾದವಳಿಗೆ ಹೇಳಿಕೊಡಬೇಕೇ? ಚಿತ್ರ ತೆಗೆದು ನೋಡಿದರೆ ಎಡಗಡೆಯ ಶ್ವಾಸಕೋಶದ ಸುತ್ತ ನೀರು ತುಂಬಿತ್ತು. ಈ ಬಗೆಯ ಮಾತ್ರೆಗಳಲ್ಲಿ ಕೆಲವು ಹೀಗೆ ನೀರು ತುಂಬಿಸುವುದುಂಟು. ಅಂದೇ ಅವರನ್ನು ಒಳರೋಗಿಯಾಗಿ ಸೇರಿಸಿದರು. ವೈದ್ಯರು ಸೂಜಿಯಿಂದ ನೀರು ತೆಗೆದರು, ಮಾತ್ರೆ ನಿಂತಿತು. ಇಪ್ಪತ್ತನಾಲ್ಕು ಗಂಟೆಗಳೊಳಗೆ ಸರ್ಕಾರಕ್ಕೂ ಔಷಧದ ಕಂಪೆನಿಗೂ ನೀತಿ ಸಮಿತಿಗೂ ವರದಿ ಹೋಗಬೇಕೆಂಬ ನಿಯಮದಂತೆ ವರದಿ ಹೋಯಿತು.

ಸಂಜೆ ನಾವು ಅವರ ಹಾಸಿಗೆಯ ಬಳಿ ಕುಳಿತು, ಏಕೆ ಮುಚ್ಚಿಟ್ಟಿರೆಂದು ಕೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಈ ಮಾತ್ರೆ ನಿಲ್ಲಿಸಿದರೆ ನನಗೆ ಇನ್ನು ಯಾವುದೂ ಇಲ್ಲ ಅಂದುಕೊಂಡೆ. ಅದೂ ಅಲ್ಲದೆ, ನೀವು ಇಷ್ಟು ಕಷ್ಟಪಟ್ಟು ನೋಡಿಕೊಳ್ಳುತ್ತೀರಿ. ಔಷಧ ಆಗಲಿಲ್ಲ ಅಂದರೆ ನಿಮಗೆ ಕೆಟ್ಟ ಹೆಸರು ಬರುತ್ತದಲ್ಲ?"

ನಮ್ಮ ಜನರಲ್ಲಿ ಈ ದಾಕ್ಷಿಣ್ಯ ಎಷ್ಟು ಆಳವಾಗಿದೆಯೆಂದರೆ, ನೆಂಟರ ಮನೆಯಲ್ಲಿ ಹಳಸಿದ್ದನ್ನು ಬಡಿಸಿದರೂ ಚೆನ್ನಾಗಿದೆ ಎಂದೇ ಏಳುತ್ತೇವೆ. ಇದನ್ನು ಬಲ್ಲವರಾಗಿಯೂ ನಾವು "ಹೇಗಿದ್ದೀರಿ?" ಎಂದು ಕೇಳಿ, ಬಂದ ಉತ್ತರವನ್ನು ಬರೆದುಕೊಂಡು ಕುಳಿತಿದ್ದೆವು. ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ, ತೋಟದ ಬಾವಿಯ ತನಕ ಒಂದೇ ಉಸಿರಿಗೆ ನಡೆಯುತ್ತೀರಾ, ಎಂದು ಕೇಳಿದ್ದರೆ ಅವರು ಸುಳ್ಳು ಹೇಳುವವರಲ್ಲ. ಅವರು ಸುಳ್ಳನ್ನು ಹೇಳಿಯೂ ಇರಲಿಲ್ಲ. ಚೆನ್ನಾಗಿದ್ದೀನಿ ಎಂಬುದು ನಮ್ಮಲ್ಲಿ ನಮಸ್ಕಾರಕ್ಕೆ ಪ್ರತಿನಮಸ್ಕಾರ, ಅಷ್ಟೆ.

ಉಳಿದದ್ದು ನಮ್ಮ ಕಾಗದ. ಜೊತೆಯ ಕಿರಿಯಳೊಬ್ಬಳು, "ರೋಗಿ ಹೇಳಲಿಲ್ಲ, ನಾವು ಬರೆಯಲಿಲ್ಲ, ಹಳೆಯದನ್ನು ಮುಟ್ಟುವುದೇಕೆ?" ಎಂದಳು. ಹಾಗೆಯೇ ಬಿಡುವ ಆಸೆ ನಮಗೂ ಒಂದು ರಾತ್ರಿಯ ಮಟ್ಟಿಗೆ ಇತ್ತು. ಆದರೆ ತೊಂದರೆ ಎಂದು ಮೊದಲಾಯಿತೆಂಬುದು ತಪ್ಪಾಗಿ ನಿಂತರೆ, ಆ ಔಷಧವನ್ನು ಬೇರೆ ಊರುಗಳಲ್ಲಿ ನುಂಗುತ್ತಿದ್ದವರ ಉಸಿರನ್ನು ಯಾರು ನೋಡಬೇಕು? ಈ ದಾಖಲೆಗಳಲ್ಲಿ ತಪ್ಪನ್ನು ಅಳಿಸುವಂತಿಲ್ಲ. ಹಳೆಯ ಅಕ್ಷರ ಕಾಣುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ಅಂದಿನ ತಾರೀಖಿನೊಡನೆ ಸಹಿ ಮಾಡಬೇಕು. ಎರಡು ಕಡೆ "ಇಲ್ಲ" ಎಂಬುದರ ಮೇಲೆ ಗೆರೆ ಎಳೆದೆವು. ಹೆಂಡತಿಯ ಹೇಳಿಕೆಯಂತೆ ಎಂದು ಕಾರಣ ಬರೆದೆವು. ತಪಾಸಣೆಗೆ ಬಂದವರು ಆ ಪುಟದ ಮೇಲೆ ಬೆರಳಿಟ್ಟು ಪ್ರಶ್ನಿಸಿದಾಗ ಮೇಲಿನವರ ಮುಂದೆ ತಲೆ ತಗ್ಗಿಸಿದ್ದೂ ಆಯಿತು.

ಕೆಲವು ವಾರಗಳಲ್ಲಿ ಅವರ ಉಸಿರು ಹಗುರವಾಯಿತು. ಮಾತ್ರೆಯನ್ನು ಕಡಮೆ ಪ್ರಮಾಣದಲ್ಲಿ ಮತ್ತೆ ಕೊಟ್ಟರು, ಅದು ಹಿಡಿಯಿತು.

ನೆರೆಯಾಕೆಗೆ ನಾವು ಹೇಳಿದ್ದಿಷ್ಟು: ಭಾರತದ ಔಷಧ ಪರೀಕ್ಷೆಗಳ ನೋಂದಣಿ ಪುಸ್ತಕವೊಂದು 2007ರಿಂದ ಇದೆ, ಈ ಪರೀಕ್ಷೆ ಅದರಲ್ಲಿ ದಾಖಲಾಗಿದೆಯೇ ಕೇಳಿ, ನಡುರಾತ್ರಿಯಲ್ಲಿ ತೊಂದರೆಯಾದರೆ ಯಾರನ್ನು ಕರೆಯಬೇಕೆಂದು ಕೇಳಿ, ಭಾವನವರೊಡನೆ ನಿಮ್ಮ ಅಕ್ಕನೂ ತಪ್ಪದೆ ಹೋಗಲಿ, ಬಾಗಿಲ ಹೊರಗಲ್ಲ, ಒಳಗೆ ಕೂಡಲಿ. ಇಲಿಯ ಮಾತಿಗೆ ಬೇರೆ ಉತ್ತರ ನಮ್ಮಲ್ಲಿರಲಿಲ್ಲ.

ಆ ರೈತರ ವಿಷಯದಲ್ಲಿ ಇನ್ನೊಂದು ಸಂಗತಿ ಹೇಳುವುದು ಉಳಿಯಿತು. ಬೇರೆ ಕಡೆಗಳಿಂದಲೂ ಇಂತಹ ವರದಿಗಳು ಹೋಗಿದ್ದುವೆಂದು ತೋರುತ್ತದೆ. ತಿದ್ದಿದ ಒಪ್ಪಿಗೆ ಪತ್ರವೊಂದು ಮರುವರ್ಷ ಬಂತು. ಎಲ್ಲರಿಗೂ ಅದನ್ನು ಓದಿ ಹೇಳಿ ಮತ್ತೆ ಸಹಿ ಪಡೆಯಬೇಕಾಗಿತ್ತು. ಈ ಸಲ ಆಕೆಯೂ ಕುರ್ಚಿ ಎಳೆದುಕೊಂಡು ಕುಳಿತಳು. ಮಲಗಿದಾಗ ಉಸಿರು ಕಟ್ಟಿದರೆ ಕೂಡಲೇ ತಿಳಿಸತಕ್ಕದ್ದು ಎಂಬ ಹೊಸ ವಾಕ್ಯಕ್ಕೆ ಬಂದಾಗ ಅವರು ಕೈಯೆತ್ತಿ ನಮ್ಮನ್ನು ನಿಲ್ಲಿಸಿ, ಇನ್ನೊಮ್ಮೆ ಓದಿ ಎಂದರು. ಓದಿದೆವು.

"ಇದು ನಮ್ಮ ಮನೆಯ ಮಾತಲ್ಲವೇನೇ?" ಎಂದು ಹೆಂಡತಿಯ ಕಡೆ ತಿರುಗಿ ಕೇಳಿ, ಲೇಖನಿಗೆ ಕೈ ಚಾಚಿದರು.