ಒಂದು ಚಿಲಕದ ವಿಚಾರ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ವಿಮಾನದ ಚಿಲಕದ ಕುರಿತು ಲೇಖನವೇ ಎಂದು ಸಂಘದ ಬಂಧುಗಳು ಹುಬ್ಬೇರಿಸಬಹುದು. ನಾನು ಓದಿದ್ದು ಬಿ.ಎ., ಬಿ.ಎಡ್.; ಶಾಲೆಯಲ್ಲಿ ಕಲಿಸಿದ್ದು ಕನ್ನಡ ಮತ್ತು ಸಮಾಜ ವಿಜ್ಞಾನ. ಯಂತ್ರವಿದ್ಯೆಗೂ ನನಗೂ ದೂರದ ನಂಟೂ ಇರಲಿಲ್ಲ. ಆದರೆ ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗನು ರೇಡಿಯೋ ನಿಯಂತ್ರಣದ ಮಾದರಿ ವಿಮಾನಗಳನ್ನು ಕಟ್ಟಲು ತೊಡಗಿದಂದಿನಿಂದ ಹೊಸಂಗಡಿಯ ನಮ್ಮ ಮನೆಯ ಚಾವಡಿಯೇ ಅವನ ಕಾರ್ಯಾಗಾರವಾಯಿತು. ರಜೆಯಲ್ಲಿ ಅವನು ಬಂದರೆ ಬಾಲ್ಸಾ ಮರದ ಹುಡಿ, ಅಂಟಿನ ವಾಸನೆ, ಬಣ್ಣದ ಡಬ್ಬಿಗಳ ನಡುವೆಯೇ ನನ್ನ ಪತ್ರಿಕೆ ಓದುವಿಕೆ. ಹೀಗೆ ಕೂತು ನೋಡುತ್ತಾ ತಿಳಿದುಕೊಂಡ ಸಂಗತಿಯೊಂದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಮಾದರಿ ವಿಮಾನದ ಬೆನ್ನ ಮೇಲೆ, ಚಾಲಕನು ಕುಳಿತುಕೊಳ್ಳುವ ಗಾಜಿನ ಗೂಡಿನ ಆಕಾರದಲ್ಲಿ ಒಂದು ಮುಚ್ಚಳವಿರುತ್ತದೆ. ಇದಕ್ಕೆ ಕ್ಯಾನೊಪಿ ಎಂದು ಹೆಸರು. ಅದರ ಅಡಿಯಲ್ಲಿರುವುದು ಬ್ಯಾಟರಿ. ಪ್ರತಿ ಹಾರಾಟಕ್ಕೂ ಬ್ಯಾಟರಿಯನ್ನು ಬದಲಿಸಬೇಕಾದುದರಿಂದ ಮುಚ್ಚಳವು ಬೆರಳಿಗೆ ಸುಲಭವಾಗಿ ತೆರೆದುಕೊಳ್ಳಬೇಕು. ಆಕಾಶದಲ್ಲಿ ಮಾತ್ರ ಯಾವ ಕಾರಣಕ್ಕೂ ತೆರೆದುಕೊಳ್ಳಬಾರದು. ಪರಸ್ಪರ ವಿರುದ್ಧವಾದ ಈ ಎರಡು ಬೇಡಿಕೆಗಳನ್ನು ಈಡೇರಿಸುವ ಹೊಣೆ ಒಂದು ಪುಟ್ಟ ಚಿಲಕದ್ದು.

ಅದರ ಮಹತ್ವವು ಮನೆಮಂದಿಗೆಲ್ಲ ಮನದಟ್ಟಾದುದು ಕಳೆದ ಬೇಸಗೆಯಲ್ಲಿ. ಕೊಯ್ಲು ಮುಗಿದ ಬೈಲಿನಲ್ಲಿ ವಿಮಾನವು ಚೆನ್ನಾಗಿಯೇ ಹಾರುತ್ತಿತ್ತು. ಮೇಲಿನಿಂದ ರಭಸವಾಗಿ ಇಳಿಯುವಾಗ ಮುಚ್ಚಳ ಹಾರಿಹೋಯಿತು. ಬ್ಯಾಟರಿ ಜಾರಿ ತಂತಿ ಕಳಚಿತು. ತಂತಿ ಕಳಚಿದರೆ ಮೋಟಾರು ಮಾತ್ರ ನಿಲ್ಲುವುದಲ್ಲ, ನೆಲದಿಂದ ಕಳುಹಿಸುವ ಆಜ್ಞೆಯನ್ನು ಕೇಳುವ ರಿಸೀವರೂ ಕಿವುಡಾಗುತ್ತದೆ. ಒಂದೂಕಾಲು ಕಿಲೋ ತೂಕದ ವಿಮಾನವು, ಬದುವಿನ ಮೇಲೆ ನಿಂತು ನೋಡುತ್ತಿದ್ದ ನೆರೆಕರೆಯ ಮಕ್ಕಳಿಂದ ಹತ್ತು ಹೆಜ್ಜೆ ದೂರದಲ್ಲಿ ನೆಲಕ್ಕೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ದಿನದಿಂದ ಚಿಲಕವು ನಮಗೆ ಆಟದ ವಿಷಯವಾಗಿ ಉಳಿಯಲಿಲ್ಲ.

“ಗಾಳಿ ಮೇಲಿನಿಂದ ಒತ್ತುವಾಗ ಮುಚ್ಚಳ ಇನ್ನಷ್ಟು ಬಿಗಿಯಾಗಬೇಕಲ್ಲವೇ?” ಎಂದು ನಾನು ಕೇಳಿದೆ. “ಇಲ್ಲ ಅಜ್ಜ, ಗಾಳಿ ಅದನ್ನು ಮೇಲಕ್ಕೆ ಸೆಳೆಯುತ್ತದೆ” ಎಂದು ಅವನು ವಿವರಿಸಿದ. ಉಬ್ಬಿದ ಮುಚ್ಚಳದ ಮೇಲೆ ಹರಿಯುವ ಗಾಳಿಯ ವೇಗ ಹೆಚ್ಚುತ್ತದೆ. ಅಲ್ಲಿ ಒತ್ತಡ ಇಳಿಯುತ್ತದೆ. ಮೋಟಾರು ತಂಪಾಗಲೆಂದು ಮೂತಿಯಲ್ಲಿ ಬಿಟ್ಟ ರಂಧ್ರಗಳಿಂದ ನುಗ್ಗಿದ ಗಾಳಿ ಒಳಗಿನಿಂದ ಮುಚ್ಚಳವನ್ನು ತಳ್ಳುತ್ತದೆ. ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ, 25 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ ಸುಮಾರು 300 ಗ್ರಾಂ ತೂಕದಷ್ಟು ಸೆಳೆತ ಬೀಳಬಹುದೆಂದು ಲೆಕ್ಕ ಹಾಕಿ ತೋರಿಸಿದ. ವೇಗ ಇಮ್ಮಡಿಯಾದರೆ ಸೆಳೆತ ನಾಲ್ಮಡಿ, ಅಂದರೆ ಒಂದು ಕಿಲೋವನ್ನೂ ಮೀರುತ್ತದೆ. ಆದುದರಿಂದ ಮೊದಲ ಪರಿಹಾರ ಚಿಲಕದಲ್ಲಿರಲಿಲ್ಲ. ಒಳಬಂದ ಗಾಳಿ ಹೊರಹೋಗಲು ಬಾಲದ ಬಳಿ ಇನ್ನೂ ದೊಡ್ಡ ರಂಧ್ರ ಕೊರೆಯುವುದರಲ್ಲಿತ್ತು.

ಆ ಮಳೆಗಾಲವೆಲ್ಲ ಚಿಲಕಗಳ ಪರೀಕ್ಷೆ. ರಬ್ಬರ್ ಬ್ಯಾಂಡು ಅಗ್ಗ, ಆದರೆ ಬಿಸಿಲಿಗೆ ಒಣಗಿ ತುಂಡಾಗುತ್ತದೆ. ತಿರುಪು ಗಟ್ಟಿ, ಆದರೆ ಪ್ರತಿ ಸಲವೂ ತಿರುಪುಳಿ ಬೇಕು. ಮೃದುವಾದ ಬಾಲ್ಸಾ ಮರದಲ್ಲಿ ಅದರ ತೂತು ಬೇಗ ಸಡಿಲಾಗುತ್ತದೆ. ನಿಯೋಡಿಮಿಯಮ್ ಅಯಸ್ಕಾಂತವು ಎಲ್ಲಕ್ಕಿಂತ ಅಂದ, ಬಲವೂ ಬಹಳ. ಬಿದ್ದ ವಿಮಾನದಲ್ಲಿದ್ದುದೂ ಅದೇ. ಆದರೆ ಎರಡು ಅಯಸ್ಕಾಂತಗಳ ನಡುವೆ ಬಣ್ಣದ ಎರಡು ಪದರ ಬಂದರೂ ಹಿಡಿತ ಇಳಿಯುತ್ತದೆ. ನೇರವಾಗಿ ಎಳೆದರೆ ಬಿಡದ ಅಯಸ್ಕಾಂತವು ಪಕ್ಕಕ್ಕೆ ಜಾರಿಸಿದರೆ ಸಲೀಸಾಗಿ ಬಿಟ್ಟುಕೊಡುತ್ತದೆ. ನಮ್ಮ ಕಡಲತೀರದ ಉಪ್ಪುಗಾಳಿಗೆ ಅದರ ನಿಕಲ್ ಲೇಪ ಎದ್ದರೆ ಒಳಗೆಲ್ಲ ತುಕ್ಕು. ಹೀಗೆ ಒಂದೊಂದನ್ನೂ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಎಳೆದು ನೋಡಿ ಬರೆದಿಟ್ಟೆವು.

ಕೊನೆಗೆ ದಾರಿ ತೋರಿಸಿದ್ದು ಮೂಲೆಯಲ್ಲಿ ನೀರಿಳಿಯುತ್ತಿದ್ದ ಕೊಡೆ. ಅದರ ಕೋಲಿನಲ್ಲಿರುವ ಸ್ಪ್ರಿಂಗಿನ ನಾಲಗೆಯನ್ನು ನೋಡಿ: ಬೆರಳಿನಿಂದ ಒತ್ತಿದರೆ ಮಡಚುತ್ತದೆ, ಆಟಿಯ ಬಿರುಗಾಳಿಗೆ ಜಗ್ಗುವುದಿಲ್ಲ. ತೆರೆಯುವ ದಿಕ್ಕೂ ಗಾಳಿ ಎಳೆಯುವ ದಿಕ್ಕೂ ಬೇರೆ ಬೇರೆಯಾಗಿರುವುದೇ ಇದರ ಗುಟ್ಟು. ಹಳೆಯ ಮನೆಗಳ ಅಗಳಿಯದೂ ಇದೇ ನ್ಯಾಯ. ಹೊರಗಿನವನು ಕದವನ್ನು ಮುಂದಕ್ಕೆ ತಳ್ಳುತ್ತಾನೆ. ಅಗಳಿ ಜಾರುವುದು ಅಡ್ಡಕ್ಕೆ.

ಈ ನ್ಯಾಯದಂತೆ ಹೊಸ ಚಿಲಕ ಸಿದ್ಧವಾಯಿತು. ಮುಚ್ಚಳದ ಮುಂದಿನ ಅಂಚಿನಲ್ಲಿ ವಿಮಾನದ ಒಡಲಿನೊಳಗೆ ತೂರುವ ಮರದ ನಾಲಗೆ. ಪಕ್ಕಕ್ಕೆ ಸರಿಯದಂತೆ ಎರಡು ಬಿದಿರಿನ ಗೂಟ. ಹಿಂದುಗಡೆ ಹಿತ್ತಾಳೆಯ ಕೊಳವೆಯಲ್ಲಿ ಜಾರುವ ಒಂದೂವರೆ ಮಿಲಿಮೀಟರ್ ದಪ್ಪದ ಉಕ್ಕಿನ ಕಡ್ಡಿ. ಅದನ್ನು ತಳ್ಳಲು ಬಾಲ್‌ಪೆನ್ನಿನ ಸ್ಪ್ರಿಂಗು. ಕಡ್ಡಿಯು ಮುಂದಕ್ಕೆ ಜಾರಿದರೆ ಬೀಗ, ಹಿಂದಕ್ಕೆ ಎಳೆದರೆ ಬಿಡುಗಡೆ. ವಿಮಾನವು ನೆಲಕ್ಕೆ ತಾಗಿ ಥಟ್ಟನೆ ನಿಂತಾಗ ಒಳಗಿನ ವಸ್ತುಗಳೆಲ್ಲ ಮುಂದಕ್ಕೆ ಮುಗ್ಗರಿಸುತ್ತವೆ. ಆಗ ಕಡ್ಡಿಯೂ ಮುಂದಕ್ಕೆ ಒತ್ತಿ ಮತ್ತಷ್ಟು ಭದ್ರವಾಗುತ್ತದೆ. ಹೊರಗೆ ಚಾಚಿದ ಗುಬುಟನ್ನು ಗಾಳಿ ಹಿಂದಕ್ಕೆ ತಳ್ಳದಂತೆ ಅದನ್ನು ಗಿಡ್ಡವಾಗಿಸಿದೆವು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯಿತು. ಚಿಲಕ ಬಿದ್ದಿದೆಯೆಂದು ತಿಳಿಯುವುದು ಹೇಗೆ? ಇದನ್ನು ಯೋಚಿಸುವಾಗ ಮೊಮ್ಮಗನು ವಿಮಾನಯಾನದ ಚರಿತ್ರೆಯಿಂದ ಒಂದು ದುರಂತವನ್ನು ಹೇಳಿದ. 1974ರ ಮಾರ್ಚ್ 3ರಂದು ಟರ್ಕಿಷ್ ಏರ್‌ಲೈನ್ಸಿನ ಡಿಸಿ-10 ವಿಮಾನವೊಂದು ಪ್ಯಾರಿಸ್ಸಿನಿಂದ ಲಂಡನ್ನಿಗೆ ಹೊರಟು, ಕೆಲವೇ ನಿಮಿಷಗಳಲ್ಲಿ ಎರ್ಮೆನೊನ್‌ವಿಲ್ ಕಾಡಿನಲ್ಲಿ ಬಿತ್ತು. ಸರಕಿನ ಬಾಗಿಲು ಆಕಾಶದಲ್ಲಿ ತೆರೆದು, ಪ್ರಯಾಣಿಕರ ಕೋಣೆಯ ನೆಲ ಕುಸಿದು, ಅದರಡಿಯ ನಿಯಂತ್ರಣ ತಂತಿಗಳು ಹರಿದವು. ಒಟ್ಟು 346 ಜನರು ಮಡಿದರು. ಬಾಗಿಲಿನ ಹಿಡಿಕೆ ಹೊರಗಿನಿಂದ ಮುಚ್ಚಿಕೊಂಡಿತ್ತು. ಒಳಗಿನ ಕೊಂಡಿಗಳು ಪೂರ್ತಿಯಾಗಿ ತಿರುಗಿರಲಿಲ್ಲ. ಇದೇ ಬಗೆಯ ವಿಮಾನದ ಇದೇ ಬಾಗಿಲು 1972ರ ಜೂನ್ 12ರಂದು ಕೆನಡಾದ ವಿಂಡ್ಸರ್ ನಗರದ ಮೇಲೆ ತೆರೆದು ಎಚ್ಚರಿಕೆ ಕೊಟ್ಟಿತ್ತು. ಅಂದು ಎಲ್ಲರೂ ಬದುಕಿ ಉಳಿದಿದ್ದರು.

ಬಾಗಿಲ ಬಳಿ ಸೂಚನಾ ಫಲಕವಿತ್ತು. ಬೀಗ ಬಿದ್ದಿದೆಯೇ ಎಂದು ಇಣುಕಿ ನೋಡಲು ಸಣ್ಣ ಕಿಂಡಿಯೂ ಇತ್ತು. ಆದರೆ ಸೂಚನೆ ಇದ್ದುದು ಇಂಗ್ಲಿಷ್ ಮತ್ತು ಟರ್ಕಿ ಭಾಷೆಗಳಲ್ಲಿ. ಬಾಗಿಲು ಮುಚ್ಚಿದ ಅಲ್ಜೀರಿಯಾ ಮೂಲದ ಕೆಲಸಗಾರನಿಗೆ ಮೂರು ಭಾಷೆಗಳನ್ನು ಓದಲು ಬರುತ್ತಿತ್ತು. ಈ ಎರಡು ಮಾತ್ರ ಬರುತ್ತಿರಲಿಲ್ಲ. ದುರಂತಕ್ಕೆ ಮೂಲ ಕಾರಣ ಬಾಗಿಲಿನ ವಿನ್ಯಾಸವೇ ಹೊರತು ಆ ಬಡಪಾಯಿಯಲ್ಲ. ಆದರೂ ಮೂರು ಭಾಷೆ ಓದಬಲ್ಲವನ ಮುಂದೆ ಅವನಿಗೆ ತಿಳಿಯದ ಎಚ್ಚರಿಕೆಯನ್ನು ತೂಗುಹಾಕಿದ ಆ ಚಿತ್ರವು ನನ್ನನ್ನು ಬಹುದಿನ ಕಾಡಿತು.

ನಮಗೆ ಇದು ದೂರದ ಕತೆಯಲ್ಲ. 1956ರ ನವೆಂಬರ್ 1ರ ಬಳಿಕ ಕೇರಳದಲ್ಲಿ ಕನ್ನಡಿಗರಾಗಿ ಬಾಳುತ್ತಿರುವ ನಾವು ಸಪ್ತಭಾಷಾ ಸಂಗಮವೆಂಬ ಹೆಮ್ಮೆಯ ನೆಲದವರು. ಹಲವು ಭಾಷೆಗಳನ್ನು ಬಲ್ಲ ಗೋವಿಂದ ಪೈಗಳ ಮಂಜೇಶ್ವರ ನಮ್ಮ ಮಗ್ಗುಲಲ್ಲೇ ಇದೆ. ಇಲ್ಲಿ ತುಳು, ಕನ್ನಡ, ಬ್ಯಾರಿ, ಕೊಂಕಣಿ ಮಾತಾಡಬಲ್ಲ ಅಜ್ಜಿಯೊಬ್ಬರು ಔಷಧದ ಚೀಟಿಯನ್ನೋ ಬಸ್ಸಿನ ಫಲಕವನ್ನೋ ಹಿಡಿದು “ಇದರಲ್ಲಿ ಏನುಂಟು ಮಗಾ?” ಎಂದು ಕೇಳುವುದನ್ನು ನಾವೆಲ್ಲ ಕಂಡಿದ್ದೇವೆ. ಯಾವ ಭಾಷೆಯ ಮೇಲೂ ನಮಗೆ ಮುನಿಸಿಲ್ಲ. ಎಚ್ಚರಿಕೆಯ ಮಾತು ಕೇಳಬೇಕಾದವರ ಭಾಷೆಯಲ್ಲೂ ಇರಲಿ ಎಂಬ ಬೇಡಿಕೆ ಅಭಿಮಾನದಿಂದ ಮಾತ್ರ ಹುಟ್ಟಿದುದಲ್ಲ, ಅದರಲ್ಲಿ ಜೀವದ ಪ್ರಶ್ನೆಯೂ ಇದೆ.

ಮೊಮ್ಮಗನು ಚಿಲಕದ ಸೀಳಿನ ಮುಂತುದಿಗೆ ಕೆಂಪು ಬಣ್ಣ ಬಳಿದ. ಗುಬುಟು ಕೊನೆಮುಟ್ಟಿದರೆ ಕೆಂಪು ಮರೆಯಾಗುತ್ತದೆ. ಕೂದಲೆಳೆಯಷ್ಟು ಹಿಂದೆ ಉಳಿದರೂ ಕಣ್ಣಿಗೆ ಬೀಳುತ್ತದೆ. ಬಣ್ಣಕ್ಕೆ ಭಾಷೆ ಬೇಡ. ಆದರೆ ಕಡ್ಡಿಯು ತೂತಿಗೆ ಸೇರದೆ ಅಡಿಯಲ್ಲೇ ಜಾರಿದರೂ ಕೆಂಪು ಮರೆಯಾಗುವುದುಂಟು. ಆ ದೊಡ್ಡ ವಿಮಾನದ ಹಿಡಿಕೆ ಹೇಳಿದ ಸುಳ್ಳೂ ಅದೇ ಬಗೆಯದು. ಆದುದರಿಂದ ಕಣ್ಣಿನ ಜೊತೆಗೆ ಕೈಯೂ ಸಾಕ್ಷಿ ಹೇಳಬೇಕು. ಮುಚ್ಚಳದ ಪಕ್ಕದಲ್ಲಿ ಅವನು ಕನ್ನಡದಲ್ಲೂ ಮಲಯಾಳದಲ್ಲೂ ಎರಡು ಸಾಲು ಬರೆದಿದ್ದಾನೆ: “ಕೆಂಪು ಕಂಡರೆ ಹಾರಿಸಬೇಡಿ. ಕಾಣದಿದ್ದರೂ ಒಮ್ಮೆ ಎತ್ತಿ ನೋಡಿ.” ಹಾರಿಸುವ ಮುನ್ನ ನೆರೆಕರೆಯ ಮಗುವೊಂದು ಅದನ್ನು ಗಟ್ಟಿಯಾಗಿ ಓದಿ, ಮುಚ್ಚಳವನ್ನು ಎಳೆದು ನೋಡಿ, “ಆಯಿತು” ಎನ್ನಬೇಕು. ಮಕ್ಕಳು ಸರದಿಯಲ್ಲಿ, ಬದುವಿನಿಂದ ದೂರ ನಿಂತು, ಈ ಕೆಲಸವನ್ನು ಬಹು ಗಂಭೀರವಾಗಿ ನಡೆಸುತ್ತಾರೆ. ಹೊಸ ಚಿಲಕವು ಈವರೆಗೆ ಒಮ್ಮೆಯೂ ಕೈಕೊಟ್ಟಿಲ್ಲ.

ಸಂಘದ ಬಂಧುಗಳು ಮಕ್ಕಳನ್ನು ಕರೆದುಕೊಂಡು ಕೊಯ್ಲು ಮುಗಿದ ಬಳಿಕ ನಮ್ಮ ಬೈಲಿನ ಕಡೆಗೊಮ್ಮೆ ಬರಬೇಕೆಂದು ಕೋರುತ್ತೇನೆ. ಓದಲು ಬಲ್ಲ ಮಗುವಿಗೆ ಅಲ್ಲಿ ಕೆಲಸ ಉಂಟು.